ಕೂಸಿಗೆ ಏನು ಹೊಲಿಯೋಣ? ಝಬಲಾ, ಕುಂಚಿಗಿ, ಕೌದಿ, ಪರಕಾರ: ಯಾವುದು ಯಾವಾಗ

ಹೆಸರಿಡುವ ಕರೆ ಬಂದ ಕೂಡಲೇ ಹೊಲಿಗೆ ಬಲ್ಲವರ ಮನೆಯಲ್ಲಿ ಒಂದೇ ಮಾತು: ಕೂಸಿಗೆ ಏನು ಹೊಲಿದುಕೊಂಡು ಹೋಗೋಣ? ಝಬಲಾ, ಅಂದರೆ ಕೂಸಿನ ಸಡಿಲ ಅಂಗಿ, ತೀರಾ ಸಾದಾ ಆಯಿತು ಅನ್ನುತ್ತಾರೆ. ತಲೆಯಿಂದ ಬೆನ್ನಿಗೆ ಇಳಿಬೀಳುವ ಕುಂಚಿಗಿ ಅಂದರೆ ಒಂದು ದಿನದ ಸಿಂಗಾರ ಅನ್ನುತ್ತಾರೆ. ಹಳೇ ಸೀರೆಯ ಪದರು ಸೇರಿಸಿ ಹೊಲಿಯುವ ಕೌದಿಗೆ ಕೂತರೆ ವಾರಗಟ್ಟಲೆ ಹಿಡಿಯುತ್ತದೆ, ಫ್ರಾಕು ಹೊಲಿದರೆ ಅಳತೆ ಸಿಗುವುದಿಲ್ಲ. ಈ ಮಾತುಗಳೆಲ್ಲ ಅಷ್ಟಿಷ್ಟು ಖರೆ. ಆದರೆ ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದಕ್ಕೆ ನಾನು ಹಿಡಿದ ಅಳತೆಗೋಲು ಬೇರೆ. ಹೊಲಿದು ಕೊಟ್ಟದ್ದು ಆ ಮನೆಯ ಒಗೆಯಾಣದ ಬುಟ್ಟಿಗೆ ಎಷ್ಟು ಸಲ ಬೀಳುತ್ತದೆ? ದಿನಾ ಬೀಳುವಂಥದ್ದಾದರೆ ಅದು ಮಗುವಿನ ಮೈಮೇಲಿದೆ ಎಂದರ್ಥ. ವರ್ಷಕ್ಕೊಮ್ಮೆ ಬೀಳುವಂಥದ್ದಾದರೆ ಅದು ಟ್ರಂಕಿನಲ್ಲಿದೆ. ಎರಡಕ್ಕೂ ಜಾಗ ಉಂಟು, ಆದರೆ ಎರಡನ್ನೂ ಒಂದೇ ಬಟ್ಟೆಯಲ್ಲಿ, ಒಂದೇ ಹೊಲಿಗೆಯಲ್ಲಿ ಮಾಡಲು ಬರುವುದಿಲ್ಲ.

ಇನ್ನೊಂದು ಲೆಕ್ಕ ಬೆಳವಣಿಗೆಯದು. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಉದ್ದವಿರುವ ಮಗು ಮೊದಲ ಹುಟ್ಟುಹಬ್ಬಕ್ಕೆ 75ರ ಆಸುಪಾಸು ಬಂದಿರುತ್ತದೆ. ಎರಡನೆಯ ವರ್ಷಕ್ಕೆ 86, ಮೂರಕ್ಕೆ 95. ಆಮೇಲೆ ವರ್ಷಕ್ಕೆ ಆರೇಳು ಸೆಂಟಿಮೀಟರ್ ಮಾತ್ರ. ಇದರಿಂದ ತಿಳಿಯುವುದಿಷ್ಟೇ: ಮೊದಲ ವರ್ಷದ ಬಟ್ಟೆಗೆ ದುಬಾರಿ ಖಣ (ರವಿಕೆಯ ನೇಯ್ಗೆ ಬಟ್ಟೆ), ರೇಷ್ಮೆ, ತಿಂಗಳ ಶ್ರಮ ಹಾಕಿದರೆ ಮಗು ಅದನ್ನು ಕೆಲವೇ ವಾರಗಳಲ್ಲಿ ಮೀರಿ ಬೆಳೆಯುತ್ತದೆ. ಎರಡು ವರ್ಷ ದಾಟಿದ ಮಗುವಿಗೆ ಹೊಲಿದ ಪರಕಾರ (ಉದ್ದ ಲಂಗ), ಬುದ್ಧಿವಂತಿಕೆಯಿಂದ ಮಡಿಕೆ ಬಿಟ್ಟಿದ್ದರೆ, ಎರಡು ದೀಪಾವಳಿ ನೋಡುತ್ತದೆ.

ಮೊದಲ ಆರು ತಿಂಗಳು: ಝಬಲಾ ಮತ್ತು ಕುಂಚಿಗಿ

ಮೊದಲ ಬಾರಿಗೆ ಹೊಲಿಯುವವರಿಗೆ ಝಬಲಾದಷ್ಟು ಸುಲಭದ್ದು ಇನ್ನೊಂದಿಲ್ಲ. ಹುಟ್ಟಿದ ಮಗುವಿನ ಎದೆಸುತ್ತು ಸುಮಾರು 13 ಇಂಚು, ಆರು ತಿಂಗಳಿಗೆ 17ರ ಹತ್ತಿರ. ಹೊಲಿದು ಮುಗಿದ ಝಬಲಾದ ಸುತ್ತಳತೆ 20 ಇಂಚು ಇಟ್ಟರೆ ಈ ಆರೂ ತಿಂಗಳು ಸರಾಗವಾಗಿ ನಡೆಯುತ್ತದೆ. ಉದ್ದ 11 ಇಂಚು ಸಾಕು. ಇನ್ನೂ ಉದ್ದ ಮಾಡಿದರೆ ಅಂಚು ಲಂಗೋಟಿಗೆ ತಾಗಿ ಪ್ರತಿ ಸಲ ಒದ್ದೆಯಾಗುತ್ತದೆ, ತಾಯಿ ಎರಡನ್ನೂ ಬದಲಿಸಬೇಕಾಗುತ್ತದೆ. 36 ಇಂಚು ಪನ್ನಾದ (ಅಗಲದ) ಒಂದು ಮೀಟರ್ ಅರಿವಿಯಲ್ಲಿ ತೋಳಿಲ್ಲದ ಝಬಲಾ ಮೂರು ಧಾರಾಳವಾಗಿ, ಕತ್ತರಿ ಲೆಕ್ಕದಿಂದ ಹಾಕಿದರೆ ನಾಲ್ಕು ಬರುತ್ತವೆ. ಮಿಕ್ಕ ತುಂಡಿನಲ್ಲಿ ಕುತ್ತಿಗೆಗೂ ಕಂಕುಳಿಗೂ ಉರೇಬು ಪಟ್ಟಿ ಕತ್ತರಿಸಿಕೊಳ್ಳಬಹುದು. ಪಟ್ಟಿಯನ್ನು ಓರೆಯಾಗಿಯೇ ಕತ್ತರಿಸಬೇಕು. ನೇರ ಎಳೆಯ ಪಟ್ಟಿ ಕುತ್ತಿಗೆಯ ತಿರುವಿನಲ್ಲಿ ಬಾಗದೆ ನೆರಿಗೆಗಟ್ಟಿ ನಿಲ್ಲುತ್ತದೆ, ಆ ನೆರಿಗೆ ಎಳೇ ಕುತ್ತಿಗೆಯ ಬೆವರಿನ ಮಡಿಕೆಗೇ ಉಜ್ಜುತ್ತದೆ.

ಝಬಲಾದಲ್ಲೂ ಎರಡು ಬಗೆ ಇವೆ. ತಲೆಯಿಂದ ಇಳಿಸುವುದು ಒಂದು, ಎದೆಯ ಮೇಲೆ ಒಂದರ ಮೇಲೊಂದು ಬಂದು ಬಗಲಿಗೆ ಕಸಿ (ದಾರ) ಕಟ್ಟುವುದು ಇನ್ನೊಂದು. ಹೊಸ ಕೂಸಿಗೆ ಕಸಿಯದೇ ಆಗಬೇಕು. ಕುತ್ತಿಗೆ ನಿಲ್ಲದ ಮಗುವಿನ ತಲೆಯ ಮೇಲಿಂದ ಬಟ್ಟೆ ಇಳಿಸುವುದು ಚೊಚ್ಚಲ ತಾಯಿಗೆ ಜೀವ ಕೈಯಲ್ಲಿ ಹಿಡಿದ ಹಾಗೆ. ಕಟ್ಟುವ ಝಬಲಾವನ್ನು ಹಾಸಿಗೆಯ ಮೇಲೆ ಬಿಡಿಸಿಟ್ಟು, ಕೂಸನ್ನು ಅದರ ಮೇಲೆ ಮಲಗಿಸಿ, ಎರಡೂ ಬದಿಯಿಂದ ಹೊದಿಸಿ ಕಟ್ಟಿದರೆ ಆಯಿತು. ಎದೆಯ ಭಾಗ ಒಂದರ ಮೇಲೊಂದು ಬರಬೇಕಾದ್ದರಿಂದ ಇದಕ್ಕೆ ಅರಿವಿ ಸ್ವಲ್ಪ ಹೆಚ್ಚು ಬೇಕು, ಮೀಟರಿಗೆ ಎರಡೋ ಮೂರೋ ಅಂದುಕೊಳ್ಳಿ. ಕಸಿ ಗಂಟು ಹಾಕಲು ಬೇಕಾದಷ್ಟೇ ಇರಲಿ, ಆರು ಇಂಚು ಮೀರುವುದು ಬೇಡ. ಕುತ್ತಿಗೆಯ ಹಿಂದೆ ಅಥವಾ ಗದ್ದದ ಕೆಳಗೆ ಕಟ್ಟುವ ಕಸಿಯನ್ನು ದಿನಬಳಕೆಯ ಬಟ್ಟೆಗೆ ಇಡಲೇಬೇಡಿ. ಮಕ್ಕಳ ಉಡುಪಿನ ಕುತ್ತಿಗೆಗೆ ಎಳೆಯುವ ದಾರ ಇರಬಾರದೆಂದು ಅಮೆರಿಕ, ಯುರೋಪಿನ ಸುರಕ್ಷಾ ಮಾನದಂಡಗಳು ಹೇಳುವುದು ಸುಮ್ಮನೆ ಅಲ್ಲ. ಅಂಥ ದಾರ ಎಲ್ಲೋ ಸಿಕ್ಕಿ ಬಿಗಿದು ಮಕ್ಕಳ ಜೀವ ಹೋದ ಪ್ರಸಂಗಗಳ ನಂತರವೇ ಆ ನಿಯಮ ಬಂದದ್ದು.

ಹಾಗಾದರೆ ಕುಂಚಿಗಿ? ಅದನ್ನು ನಾನು ಬಿಡಿ ಅನ್ನುವುದಿಲ್ಲ. ನಮ್ಮ ಧಾರವಾಡದ ಕಡೆ ಕುಂಚಿಗಿ ಇಲ್ಲದೆ ತೊಟ್ಟಿಲ ಕಾರ್ಯಕ್ಕೆ ಕಳೆಯೇ ಬರುವುದಿಲ್ಲ. ತಲೆಗೆ ಗೂಡಿನಂತೆ ಕೂತು, ಬೆನ್ನಿನ ಮೇಲೆ ಇಳಿಬಿದ್ದು, ಅಂಚಿಗೆ ಇಳಕಲ್ಲ ಸೀರೆಯ ದಡಿ ಹಚ್ಚಿದ ಕುಂಚಿಗಿಯೊಳಗಿಂದ ಕೂಸಿನ ಮುಖ ಕಾಣುವುದು ಎಲ್ಲ ಅಜ್ಜಿಯರಿಗೂ ಹಬ್ಬ. ಅಜ್ಜಿಯ ಹಳೇ ಸೀರೆಯ ಸೆರಗು, ತಾಯಿಯ ಕುಬಸದ ಖಣದ ತುಂಡು ಇವುಗಳಿಗೆ ಇದಕ್ಕಿಂತ ಒಳ್ಳೆಯ ಮರುಜೀವ ಇಲ್ಲ. ಆದರೆ ಇದನ್ನು ಹೊಲಿಯುವಾಗ ಮೂರು ವಿಷಯ ನೆನಪಿರಲಿ. ಗುಳೇದಗುಡ್ಡದ ಖಣದ ಮೇಲ್ಮುಖ ಎಷ್ಟು ನುಣುಪೋ ಹಿಮ್ಮುಖ ಅಷ್ಟು ನುಣುಪಲ್ಲ. ಸಣ್ಣ ಬುಟ್ಟಾ ವಿನ್ಯಾಸ ಮೂಡಿಸುವ ಹೆಚ್ಚುವರಿ ಹಾಸಿನ ಎಳೆಗಳು ಹಿಂದೆ ಸಡಿಲವಾಗಿ ತೇಲುತ್ತಿರುತ್ತವೆ. ಬೆರಳು ಸಿಕ್ಕಿಕೊಳ್ಳುತ್ತದೆ, ಕಿವಿಗೆ ತರಚುತ್ತದೆ. ಹೀಗಾಗಿ ಮಲ್‌ಮಲ್ಲಿನ ಅಸ್ತರು ಕಡ್ಡಾಯ. ಎರಡನೆಯದು, ಜರಿಯ ದಡಿ ಮುಖಕ್ಕೆ ತಾಗುವ ಅಂಚಿಗೆ ಬರದಂತೆ ಅರ್ಧ ಇಂಚು ಹಿಂದೆ ಸರಿಸಿ ಹಚ್ಚಿ, ಮುಂದಿನ ಅಂಚಿಗೆ ಮೆತ್ತನೆಯ ಉರೇಬು ಪಟ್ಟಿ ಕೊಡಿ. ಮೂರನೆಯದು, ಗದ್ದದ ಕೆಳಗಿನ ಕಸಿ ಎತ್ತಿಕೊಂಡಾಗ ಮಾತ್ರ, ಮಲಗಿಸುವ ಮುನ್ನ ಬಿಚ್ಚಿಡುವುದು ಎಂದು ಕೊಡುವಾಗಲೇ ಹೇಳಿಬಿಡಿ.

ದಿನಾ ಹಾಕುವುದಕ್ಕೆ ಸಾದಾ ಟೋಪಿಯಾದ ಕುಲಾವಿ ಸಾಕು. ಅದು ಕಿವಿ ಮುಚ್ಚುತ್ತದೆ, ಅರ್ಧ ಗಂಟೆಯಲ್ಲಿ ಹೊಲಿದು ಮುಗಿಯುತ್ತದೆ. ಹುಟ್ಟಿದ ಮಗುವಿನ ತಲೆಸುತ್ತು 34-35 ಸೆಂಟಿಮೀಟರ್, ಒಂದು ವರ್ಷಕ್ಕೆ 45-46. ಕುಲಾವಿಯಲ್ಲಿ ಒಂದೇ ಅಳತೆಯವು ಆರು ಹೊಲಿಯುವ ಬದಲು ಎರಡು ಅಳತೆಯಲ್ಲಿ ಮೂರ್ಮೂರು ಹೊಲಿದರೆ ಉಪಯೋಗ.

ಇವೆರಡರಲ್ಲಿ ಒಂದನ್ನೇ ಆರಿಸಬೇಕಾದರೆ? ನೀವು ಸೋದರಮಾವನ ಮನೆಯವರೋ ತವರಿನವರೋ ಆಗಿದ್ದರೆ ಕುಂಚಿಗಿ ನಿಮ್ಮ ಕೈಯಿಂದಲೇ ಹೋಗಬೇಕು. ಅದನ್ನು ನಾಲ್ಕು ಝಬಲಾದ ಜೊತೆ ಕಟ್ಟಿ ಕೊಡಿ. ಗೆಳತಿಯ ಮಗುವೋ ಓಣಿಯ ಮಗುವೋ ಆಗಿದ್ದರೆ ಝಬಲಾ ಮಾತ್ರ ಸಾಕು, ಕುಂಚಿಗಿ ಅವರ ಮನೆಯಲ್ಲೇ ತಯಾರಾಗಿರುತ್ತದೆ.

ಕೈಗವಸು, ಕಾಲುಚೀಲ ಹೊಲಿಯುವ ಆಸೆ ಬಹಳ ಜನಕ್ಕೆ. ಹೊಲಿಯುವುದಾದರೆ ಒಳಗೆ ಒಂದು ಎಳೆಯೂ ಬಿಡಿಯಾಗಿ ಉಳಿಯಬಾರದು. ಸಡಿಲ ದಾರ ಕೂಸಿನ ಬೆರಳಿಗೆ ಸುತ್ತಿ ಬಿಗಿದರೆ ರಕ್ತ ಓಡುವುದು ನಿಲ್ಲುತ್ತದೆ, ಮಗು ಅಳುತ್ತದೆಯೇ ಹೊರತು ಏನಾಯಿತೆಂದು ಹೇಳಲಾರದು. ಮೊದಲು ಹೊರಮೈಗೆ ಸಣ್ಣದಾಗಿ ಹೊಲಿದು, ತಿರುವಿ, ಆ ಅಂಚನ್ನು ಒಳಗೆ ಹುದುಗಿಸಿ ಇನ್ನೊಮ್ಮೆ ಹೊಲಿಯಬೇಕು. ಹಾಗೆ ಹೊಲಿದರೆ ಕತ್ತರಿಸಿದ ಅಂಚು ಎಲ್ಲೂ ಕಾಣುವುದಿಲ್ಲ. ನಿಜ ಹೇಳಬೇಕೆಂದರೆ ಕೂಸಿನ ಎಲ್ಲ ಬಟ್ಟೆಗೂ ಇದೇ ಹೊಲಿಗೆ ಚಂದ. ಇಂಟರ್‌ಲಾಕ್ ಮಾಡಿದ ಅಂಚು ಎಳೇ ಮೈಗೆ ಒರಟು.

ಅರಿವಿ: ಹಳೆಯದೋ, ಹೊಸದೋ

"ಹೊಸಾ ಅರಿವಿ ಕೂಸಿಗೆ ಚುಚ್ಚತೈತವ್ವಾ, ಮೊದ್ಲ ಹಳೇದು ಹಾಕು" ಎಂದು ಹಿರಿಯರು ಹೇಳುವುದರಲ್ಲಿ ಅನುಭವ ಇದೆ. ಹತ್ತಾರು ವರ್ಷ ಒಗೆಸಿಕೊಂಡ ಧೋತರ, ಕಾಟನ್ ಸೀರೆ ಎಷ್ಟು ಮೆತ್ತಗಿರುತ್ತದೆ ಅಂದರೆ ಯಾವ ಅಂಗಡಿಯ ಮಲ್‌ಮಲ್ಲೂ ಅದರ ಸಮ ಬರುವುದಿಲ್ಲ. ಗಂಜಿ ಬಿಟ್ಟಿದೆ, ಬಣ್ಣ ಬಿಡುವುದೆಲ್ಲ ಬಿಟ್ಟಾಗಿದೆ, ಕುಗ್ಗುವುದೆಲ್ಲ ಕುಗ್ಗಿಯಾಗಿದೆ. ಲಂಗೋಟಿಗೂ ಮೊದಲ ತಿಂಗಳ ಝಬಲಾಕ್ಕೂ ನಾನು ಯಾವಾಗಲೂ ಹಳೆಯದರ ಕಡೆಗೇ. ಸವೆದ ಭಾಗವನ್ನು ಬೆಳಕಿಗೆ ಹಿಡಿದು ನೋಡಿ ಬಿಟ್ಟುಬಿಡಿ, ಅಂಚಿನ ಗಟ್ಟಿ ಭಾಗ ಬಳಸಿ.

ಆದರೆ ಟ್ರಂಕಿನಿಂದ ತೆಗೆದ ಹಳೇ ಅರಿವಿಗೆ ಡಾಂಬರ ಗುಳಿಗೆಯ ವಾಸನೆ ಇದ್ದರೆ ಅದನ್ನು ಹಾಗೇ ಕೂಸಿಗೆ ತಾಗಿಸಬೇಡಿ. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಕೆಲವು ಶಿಶುಗಳಲ್ಲಿ, ಅದರಲ್ಲೂ ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದವರಲ್ಲಿ, ರಕ್ತದ ಕೆಂಪು ಕಣ ಒಡೆದು ಕಾಮಾಲೆ ಏರಿಸುತ್ತದೆ. ಯಾವ ಕೂಸಿಗೆ ಆ ಕೊರತೆ ಇದೆ ಎಂದು ಮನೆಯವರಿಗೆ ಮೊದಲೇ ಗೊತ್ತಿರುವುದು ಅಪರೂಪ. ವಾಸನೆ ಪೂರ್ತಿ ಹೋಗುವ ತನಕ ಒಗೆದು ಬಿಸಿಲಿಗೆ ಹಾಕಬೇಕು. ಹೋಗದಿದ್ದರೆ ಆ ಅರಿವಿಯನ್ನು ಹೊಸ ಕೂಸಿಗೆ ಬಳಸಬಾರದು. ಕೂಸಿನ ಬಟ್ಟೆ ಕಟ್ಟಿಡುವಾಗ ಬೇವಿನ ಎಲೆ ಹಾಕಿದರೆ ಸಾಕು.

ಹೊಸದು ಕೊಳ್ಳುವವರಿಗೆ ಹುಬ್ಬಳ್ಳಿಯಲ್ಲಿ ಜವಳಿ ಸಾಲು, ದುರ್ಗದಬೈಲಿನ ಸುತ್ತಲ ಅಂಗಡಿಗಳು, ಧಾರವಾಡದಲ್ಲಿ ಸುಭಾಸ ರಸ್ತೆ ಇದ್ದೇ ಇವೆ. ಅಂಗಡಿಯಲ್ಲಿ ಕೈಗೆ ಸಿಗುವ ಮುಖ್ಯ ಆಯ್ಕೆಗಳನ್ನು ಹೀಗೆ ತೂಗಿ ನೋಡಿ. ಮಲ್‌ಮಲ್ ಬಹಳ ತೆಳು, ಬೇಗ ಒಣಗುತ್ತದೆ. ಗದಗಿನ ಏಪ್ರಿಲ್ ಬಿಸಿಲಿಗೆ ಇದಕ್ಕಿಂತ ತಂಪು ಬೇರಿಲ್ಲ. ಆದರೆ ಕತ್ತರಿಯ ಕೆಳಗೆ ಜಾರುತ್ತದೆ, ಮಷೀನಿನಲ್ಲಿ ಸುಕ್ಕುಗಟ್ಟುತ್ತದೆ. ಇದಕ್ಕೆ 14ನೇ ನಂಬರಿನ ಸೂಜಿ ತೆಗೆದು 9 ಅಥವಾ 11 ಹಾಕಿಕೊಳ್ಳಬೇಕು. ಕ್ಯಾಂಬ್ರಿಕ್ ಕೊಂಚ ಗಟ್ಟಿ, ಕಲಿಯುವ ಕೈಗೆ ಹೇಳಿ ಮಾಡಿಸಿದ್ದು. ಫ್ರಾಕು, ಚಡ್ಡಿ, ಅಂಗಿ ಎಲ್ಲಕ್ಕೂ ಒದಗುತ್ತದೆ. ಫ್ಲಾನೆಲ್ ಧಾರವಾಡದ ಮಳೆಗಾಲಕ್ಕೂ ಡಿಸೆಂಬರಿಗೂ ಬೆಚ್ಚಗೆ. ಆದರೆ ಅದರ ಮೇಲಿನ ಜುಂಗು ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ, ನೀರೊಲೆಯ ಮುಂದೆ ಕೂಸಿನ ಮೈ ಕಾಯಿಸುವ ರೂಢಿ ಇರುವ ಮನೆಗೆ ನಾನು ಕೊಡುವುದಿಲ್ಲ. ಹೊಸೈರಿ, ಅಂದರೆ ಬನಿಯನ್ ಬಟ್ಟೆ, ಎಳೆದಂತೆ ಹಿಗ್ಗುವುದರಿಂದ ತೊಡಿಸಲು ಹಗುರ, ಹೊಲಿಯಲು ಕಷ್ಟ. ತುದಿ ದುಂಡಾದ ಸೂಜಿ, ಝಿಗ್‌ಝಾಗ್ ಹೊಲಿಗೆ ಬರುವ ಮಷೀನು ಇಲ್ಲದಿದ್ದರೆ ಮೊದಲ ಎಳೆತಕ್ಕೇ ದಾರ ಹರಿಯುತ್ತದೆ. ಮನೆಯ ಸಾದಾ ಕಾಲ್ಮಷೀನು ಇದ್ದವರು ಹೊಸೈರಿಯನ್ನು ರೆಡಿಮೇಡಿಗೇ ಬಿಡುವುದು ಲೇಸು.

ಖಾದಿಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು, ನಾವು ಅದರ ನೆಲದವರು. ರಾಷ್ಟ್ರಧ್ವಜ ತಯಾರಿಸುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಇದೆ, 1957ರಿಂದ. ಧಾರವಾಡದ ಹತ್ತಿರದ ಗರಗದ ಹೆಸರೂ ಧ್ವಜದ ಖಾದಿಯ ಜೊತೆ ಬೆಸೆದುಕೊಂಡದ್ದು. ಆ ಗಟ್ಟಿ ಖಾದಿ ಕೂಸಿಗೆ ಆಗದು. ಕೂಸಿಗೆ ಬೇಕಾದ್ದು ಸಣ್ಣ ನೂಲಿನ ತೆಳು ಖಾದಿ. ಕೈಯಿಂದ ನೂತ ನೂಲಿನ ನಡುವೆ ಗಾಳಿ ಆಡುತ್ತದೆ, ಬೆವರು ಹೀರುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಎರಡು ವರ್ಷ ದಾಟಿದ ಮಕ್ಕಳ ಅಂಗಿ-ಚಡ್ಡಿಗೆ ನನ್ನ ಮೊದಲ ಆಯ್ಕೆ ಇದೇ.

ಟೆರಿಕಾಟ್, ನೈಲಾನ್ ನೆಟ್, ಸಾಟಿನ್ ಫ್ರಾಕುಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಸಣ್ಣ ಮಕ್ಕಳಿಗೆ ಬೇಡ. ಬೆವರು ಹೀರುವುದಿಲ್ಲ, ನೆಟ್ಟಿನ ಅಂಚು ಮೈ ಕೆರೆಸುತ್ತದೆ. ದೀಪಾವಳಿಯ ಸುರುಸುರುಬತ್ತಿಯ ಒಂದು ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯೂ ಉರಿಯುತ್ತದೆ ನಿಜ, ಆದರೆ ಹಾಗೆ ಕರಗಿ ಅಂಟುವುದಿಲ್ಲ.

ಯಾವ ಹೊಸ ಹತ್ತಿ ಅರಿವಿಯಾದರೂ ಕತ್ತರಿ ಹಾಕುವ ಮುನ್ನ ರಾತ್ರಿಯಿಡೀ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಹಾಗೆ ಮಾಡದೆ ಹೊಲಿದದ್ದು ಮೊದಲ ಒಗೆತಕ್ಕೇ ಕುಗ್ಗಿ, ಆರು ತಿಂಗಳಿಗೆಂದು ಹೊಲಿದ ಅಂಗಿ ಮೂರು ತಿಂಗಳಿಗೇ ಬಿಗಿಯಾಗುತ್ತದೆ.

ಕೌದಿ ಹೊಲಿಯುವಷ್ಟು ಪುರಸೊತ್ತು ಇದ್ದರೆ

ಕೌದಿಯ ಬೆಲೆ ಹೊಲಿದವರಿಗೇ ಗೊತ್ತು. ಕೂಸಿನ ಕೌದಿಗೆ 36 ಇಂಚು ಚೌಕ ಸಾಕು. ಆರು ವಾರಿಯ ಒಂದು ಹಳೇ ಕಾಟನ್ ಸೀರೆಯನ್ನು ಅಷ್ಟಷ್ಟಕ್ಕೆ ಕತ್ತರಿಸಿದರೆ ಆರು ಪದರು ಸಿಗುತ್ತವೆ, ಆದರೆ ಆರನ್ನೂ ಒಂದಕ್ಕೇ ಹಾಕಬೇಡಿ. ಧಾರವಾಡದ ಆಷಾಢ-ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಆರು ಪದರಿನ ಕೌದಿ ಒಮ್ಮೆ ಒದ್ದೆಯಾದರೆ ಒಳಪದರು ಎರಡು ಮೂರು ದಿನ ಹಸಿಯಾಗೇ ಇದ್ದು ಮುಗ್ಗಲು ವಾಸನೆ ಹಿಡಿಯುತ್ತದೆ. ಮೂರು ಪದರಿನವು ಎರಡು ಮಾಡಿ. ಒಂದು ಒಣಗುವಾಗ ಇನ್ನೊಂದು ಹಾಸಲು ಬರುತ್ತದೆ. ಗದಗ, ಹಾವೇರಿಯ ಬಯಲು ಸೀಮೆಯಲ್ಲಿ ನಾಲ್ಕು ಪದರಾದರೂ ನಡೆಯುತ್ತದೆ.

ಪದರುಗಳನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ಬಿಡಿಸಿ, ಮೊದಲು ಅಲ್ಲಲ್ಲಿ ಉದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಇಷ್ಟಾದರೆ ಅರ್ಧ ಕೆಲಸ ಆದಂತೆ. ಆಮೇಲೆ ಅಂಚಿನಿಂದ ಹಿಡಿದು ಸುತ್ತುತ್ತಾ ಒಳಕ್ಕೆ, ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ಸೂಜಿ ಮೇಲಿಂದ ಇಳಿದಾಗ ಕೆಳಗಿನ ಕೈಯ ಬೆರಳ ತುದಿಗೆ ಮುಳ್ಳಿನಷ್ಟು ತಾಗಬೇಕು, ಆಗ ಎಲ್ಲ ಪದರೂ ಸಿಕ್ಕಿದೆ ಎಂದು ಗೊತ್ತಾಗುತ್ತದೆ. ದಾರ ಎಳೆಯುವಾಗ ಬಿಗಿಯಬಾರದು. ಬಿಗಿದರೆ ಕೌದಿ ನಡುವೆ ಉಬ್ಬಿ ನೆಲಕ್ಕೆ ಕೂರುವುದಿಲ್ಲ, ತೀರಾ ಸಡಿಲಾದರೆ ಕೂಸಿನ ಕಾಲಿನ ಬೆರಳು ಹೊಲಿಗೆಯೊಳಗೆ ಸಿಗುತ್ತದೆ. ಒಂದು ಹೊಲಿಗೆ ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ ಬಂದರೆ ಸರಿಯಾಗಿದೆ.

ಧಾರವಾಡದಿಂದ ದೂರವಿಲ್ಲದ ಹಳಿಯಾಳ, ಯಲ್ಲಾಪುರ ಸೀಮೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳನ್ನು ನೋಡಿದವರಿಗೆ ನಾಲ್ಕು ಮೂಲೆಗಳಲ್ಲಿ ಮಡಿಸಿ ಹೊಲಿದ ತ್ರಿಕೋನಗಳು ನೆನಪಿರುತ್ತವೆ. ಅವರು ಅದನ್ನು ಹೂವು ಎನ್ನುತ್ತಾರೆ. ಹೂವಿಲ್ಲದ ಕೌದಿ ಅವರ ಪಾಲಿಗೆ ಪೂರ್ತಿಯಾಗಿಲ್ಲದ ಕೌದಿ. ಮಕ್ಕಳ ಕೌದಿಗೆ ಅವರು ಬಣ್ಣಬಣ್ಣದ ಚೂರುಗಳನ್ನು ಧಾರಾಳವಾಗಿ ಹಚ್ಚುತ್ತಾರೆ. ನೋಡಿ ಕಲಿಯುವಂಥ ಕೆಲಸ ಅದು.

ಕೌದಿ ಕೊಡುವಾಗ ಇನ್ನೊಂದು ಮಾತು ಹೇಳಲೇಬೇಕು. ಒಂದು ವರ್ಷದೊಳಗಿನ ಮಗು ಮಲಗಿರುವಾಗ ಅದರ ಪಕ್ಕ ಸಡಿಲ ಹೊದಿಕೆ, ದಿಂಬು, ಮೆತ್ತನೆಯ ಗೊಂಬಿ ಇರಕೂಡದೆಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಎಎಪಿಯ ಸ್ಪಷ್ಟ ಸಲಹೆ, ಉಸಿರು ಕಟ್ಟುವ ಅಪಾಯಕ್ಕಾಗಿ. ಕೌದಿ ಎಚ್ಚರವಿದ್ದಾಗ ನೆಲಕ್ಕೆ ಹಾಸುವುದಕ್ಕೆ, ಮಗು ಬೋರಲಾಗಿ ತೆವಳುವುದಕ್ಕೆ. ಆ ಉಪಯೋಗಕ್ಕೆ ಅದನ್ನು ಮೀರಿಸುವ ಉಡುಗೊರೆ ಇಲ್ಲ.

ನಡೆಯಲು ಕಲಿತ ಮೇಲೆ

ಒಂದರಿಂದ ಎರಡು ವರ್ಷದ ಮಕ್ಕಳಿಗೆ ಗಂಡಾಗಲಿ ಹೆಣ್ಣಾಗಲಿ ಚಡ್ಡಿ ಮತ್ತು ಸಡಿಲ ಅಂಗಿ ಸಾಕು. ಬಿದ್ದು ಎದ್ದು ನಡೆಯುವ ಮಗುವಿಗೆ ಉದ್ದ ಪರಕಾರ ಕಾಲಿಗೆ ತೊಡರುತ್ತದೆ. ಆ ವಯಸ್ಸಿನ ಹೆಣ್ಣುಮಗುವಿಗೆ ಮೊಣಕಾಲಿನ ಮೇಲೆ ನಿಲ್ಲುವ ಫ್ರಾಕೇ ಒಳ್ಳೆಯದು. ಪರಕಾರ-ಪೋಲಕಾ (ಲಂಗ-ರವಿಕೆ) ಎರಡೂವರೆ, ಮೂರು ವರ್ಷಕ್ಕೆ.

ಅಂಗಿ, ಫ್ರಾಕು ಹೊಲಿಯುವವರು ಸೋಲುವುದು ಕುತ್ತಿಗೆಯಲ್ಲಿ. ಮಕ್ಕಳ ಮೈಗೆ ಹೋಲಿಸಿದರೆ ತಲೆ ದೊಡ್ಡದು. ಒಂದು ವರ್ಷದ ಮಗುವಿನ ತಲೆಸುತ್ತು 18 ಇಂಚು, ಅಂದವಾಗಿ ಕೂರುವ ಕುತ್ತಿಗೆಯ ಸುತ್ತು 12 ಇಂಚು. ತಲೆ ತೂರುವುದು ಹೇಗೆ? ಹಿಂದೆ ನಾಲ್ಕು ಇಂಚು ಸೀಳು ಕೊಟ್ಟರೆ ಎರಡೂ ಅಂಚು ಸೇರಿ ಎಂಟು ಇಂಚು ಹೆಚ್ಚುತ್ತದೆ, 20 ಇಂಚಿನ ದಾರಿ ಸಿಗುತ್ತದೆ. ಭುಜದ ಮೇಲೆ ತೆರೆಯುವ ಹಾಗೆ ಮಾಡಿದರೂ ಆದೀತು, ಕುಳಿತೇ ತೊಡಿಸಲು ಅದು ಇನ್ನೂ ಸಲೀಸು.

ಸೀಳಿಗೆ ಏನು ಹಚ್ಚುವುದು? ಟಿಚ್ ಬಟನ್ (ಒತ್ತುಗುಂಡಿ) ಗಟ್ಟಿಯಾಗಿ ಹೊಲಿದಿದ್ದರೆ ಹಾಕಲು ತೆಗೆಯಲು ಬೇಗ. ಗುಂಡಿ-ಕಾಜಾ ಚಂದ, ಆದರೆ ಮೂರು ವರ್ಷದೊಳಗೆ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಆಟಿಕೆಗಳ ಸುರಕ್ಷಾ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ವಸ್ತುವನ್ನಾದರೂ ಗಂಟಲಿಗೆ ಸಿಗುವಂಥದ್ದೆಂದೇ ಎಣಿಸುತ್ತಾರೆ. ನಮ್ಮ ಅಂಗಿಯ ಎಲ್ಲ ಗುಂಡಿಗಳೂ ಅದರೊಳಗೆ ಇಳಿಯುತ್ತವೆ. ಗುಂಡಿಯೋ ಟಿಚ್ಚೋ ಹಿಂಬದಿಗೇ ಇರಲಿ, ಹಚ್ಚಿದ ಮೇಲೆ ಬೆರಳಿನಿಂದ ಜೋರಾಗಿ ಜಗ್ಗಿ ನೋಡಿ. ಎರಡೂ ಬೇಡವೆಂದರೆ ಅರಿವಿಯದೇ ಕಸಿ ಬೆನ್ನಿನ ನಡುಭಾಗಕ್ಕೆ, ಕುತ್ತಿಗೆಯಿಂದ ಕೆಳಗೆ ಇಡಿ. ಚಡ್ಡಿಯ ಎಲಾಸ್ಟಿಕ್ ಅಗಲವಾದದ್ದು, ಸೊಂಟದ ಸುತ್ತಿಗಿಂತ ಒಂದು ಇಂಚು ಮಾತ್ರ ಕಡಿಮೆ. ಹೊಟ್ಟೆಯ ಮೇಲೆ ಕೆಂಪು ಗೆರೆ ಮೂಡುವ ಚಡ್ಡಿಯನ್ನು ಎಷ್ಟು ಅಂದವಾಗಿ ಹೊಲಿದಿದ್ದರೂ ತಾಯಿ ಎರಡನೆಯ ಸಲ ತೊಡಿಸುವುದಿಲ್ಲ.

ಇನ್ನು ಪರಕಾರ-ಪೋಲಕಾ. ಖಣದ ಪರಕಾರ ಹಾಕಿಕೊಂಡು ಯುಗಾದಿಗೋ ಪಂಚಮಿಯ ಜೋಕಾಲಿಗೋ ಓಡುವ ಹುಡುಗಿಯನ್ನು ನೋಡುವ ಸಂತೋಷಕ್ಕಾಗಿಯೇ ಇದನ್ನು ಹೊಲಿಯಬೇಕು. ಇದು ಶ್ರಮಕ್ಕೆ ತಕ್ಕ ಬಾಳಿಕೆ ಕೊಡುವ ಉಡುಪು ಕೂಡ. ಕೆಳಗಿನ ಅಂಚಿನಿಂದ ನಾಲ್ಕೈದು ಇಂಚು ಮೇಲೆ, ಒಂದು ಇಂಚು ಆಳದ ಎರಡು ಅಡ್ಡ ಮಡಿಕೆ ಹಿಡಿದು ಹೊಲಿಯಿರಿ. ಒಂದೊಂದು ಮಡಿಕೆ ಬಿಚ್ಚಿದರೂ ಎರಡೆರಡು ಇಂಚು ಉದ್ದ ಸಿಗುತ್ತದೆ, ಮೂರು ವರ್ಷದ ಮಗುವಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ಬೆಳವಣಿಗೆ. ಕಾಣುವವರಿಗೆ ಅದು ಅಲಂಕಾರದ ಸಾಲಿನ ಹಾಗೆಯೇ ಇರುತ್ತದೆ. ಸೊಂಟಕ್ಕೆ ಲಾಡಿಯ ಬದಲು ತೋಳಿಲ್ಲದ ಬಿಳಿ ಒಳಅಂಗಿಯೊಂದನ್ನು ಜೋಡಿಸಿಬಿಟ್ಟರೆ ಭಾರವೆಲ್ಲ ಭುಜದ ಮೇಲೆ ನಿಲ್ಲುತ್ತದೆ, ಪರಕಾರ ಜಾರುವುದಿಲ್ಲ, ಸೊಂಟ ಬಿಗಿಯುವುದಿಲ್ಲ. ಪೋಲಕಾದ ಎರಡೂ ಬಗಲಿನಲ್ಲಿ ಒಂದೊಂದು ಇಂಚು ಒಳಗೆ ಬಿಡುವುದು ಯಾವ ದರ್ಜಿಗೂ ಗೊತ್ತಿರುವ ಮಾತು.

ಈಗಿನ ಖಣದಲ್ಲಿ ಕೃತಕ ರೇಷ್ಮೆಯದೇ ಹೆಚ್ಚು. ಹತ್ತಿ ಬೆರೆತದ್ದು ಸಿಕ್ಕರೆ ನಾಲ್ಕು ದುಡ್ಡು ಹೆಚ್ಚಾದರೂ ಅದನ್ನೇ ಕೊಳ್ಳಿ. ಬೆಟಗೇರಿ, ಗಜೇಂದ್ರಗಡದ ಕಡೆಯ ಕೈಮಗ್ಗದ ಹತ್ತಿ ಸೀರೆ ಮನೆಯಲ್ಲಿ ಹಳೆಯದಾಗಿದ್ದರೆ ಅದರ ದಡಿಯೇ ಪರಕಾರದ ಅಂಚು. ಅಂಥ ಪರಕಾರ ಮನೆಯಲ್ಲೇ ಒಗೆಯಬಹುದು, ಹಬ್ಬ ಕಳೆದ ಮೇಲೂ ಮಗು ಹಾಕಿಕೊಳ್ಳುತ್ತದೆ.

ಅಲಂಕಾರಕ್ಕೆ ಕಸೂತಿ

ಮಣಿ, ಚಮಕಿ, ಕನ್ನಡಿ ಚೂರು ಯಾವುದೂ ಸಣ್ಣ ಮಕ್ಕಳ ಬಟ್ಟೆಗೆ ಸಲ್ಲದು, ಕಿತ್ತು ಬಾಯಿಗೆ ಹೋಗುತ್ತದೆ. ಇಸ್ತ್ರಿಯಿಂದ ಅಂಟಿಸುವ ಸ್ಟಿಕರ್ ನಾಲ್ಕು ಒಗೆತಕ್ಕೆ ಏಳುತ್ತದೆ. ಉಳಿದದ್ದು ದಾರದ ಕೆಲಸ. ಅದರಲ್ಲಿ ನಮ್ಮ ಧಾರವಾಡದ ಕಸೂತಿಗಿಂತ ಕೂಸಿನ ಮೈಗೆ ಹೊಂದುವ ಕೆಲಸ ನಾನು ಕಂಡಿಲ್ಲ, ಅದಕ್ಕೆ ಕಾರಣ ಹೊಲಿಗೆಯ ರಚನೆಯಲ್ಲೇ ಇದೆ.

ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಎಳೆ ಎಣಿಸಿ ಹೊಲಿಯುವ ಗವಂತಿ ಮತ್ತು ಮುರಗಿ ಎರಡೂ ಹೋದ ದಾರಿಯಲ್ಲೇ ತುಂಬಿಕೊಂಡು ಹಿಂದಿರುಗುತ್ತವೆ, ಆದ್ದರಿಂದ ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣುತ್ತವೆ. ಮೈಗೆ ತಾಗುವ ಕಡೆ ಗಂಟಿಲ್ಲ, ತೇಲುವ ದಾರವಿಲ್ಲ. ನೇಗಿ ಹೊಲಿಗೆ ನೇಯ್ದ ಹಾಗೆ ತುಂಬುತ್ತದೆ, ಹಿಂಬದಿಯಲ್ಲಿ ಉದ್ದ ಎಳೆ ಬಿಡುತ್ತದೆ. ಅದು ಪರಕಾರದ ಅಂಚಿಗೆ ಸರಿ, ಝಬಲಾಕ್ಕೆ ಬೇಡ. ಮೆಂತಿ ಹೊಲಿಗೆ ಅಡ್ಡಡ್ಡ ದಾಟುವುದರಿಂದ ಕೊಂಚ ದಪ್ಪಗಾಗುತ್ತದೆ. ಕೂಸಿನ ಬಟ್ಟೆಗೆ ಗವಂತಿಯ ಒಂದು ಸಣ್ಣ ತುಳಸಿಕಟ್ಟೆ, ಒಂದು ಗುಬ್ಬಿ, ಒಂದು ಆನೆ ಸಾಕು. ಅದೂ ಎದೆಯ ಮೇಲ್ಭಾಗದಲ್ಲೋ ಕುಲಾವಿಯ ಅಂಚಿನಲ್ಲೋ.

ಮಲ್‌ಮಲ್ಲಿನ ಎಳೆ ಎಣಿಸುವುದು ಕಣ್ಣಿಗೆ ಕಷ್ಟ. ಎಳೆ ಚೌಕಚೌಕವಾಗಿ ಕಾಣುವ ಮ್ಯಾಟಿ ಬಟ್ಟೆಯ ತುಂಡೊಂದನ್ನು ಮೇಲೆ ಕಚ್ಚಾ ಹೊಲಿದುಕೊಂಡು, ಅದರ ಮನೆಗಳನ್ನು ಎಣಿಸಿ ಕಸೂತಿ ಮುಗಿಸಿ, ಆಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದರೆ ವಿನ್ಯಾಸ ಮಾತ್ರ ಉಳಿಯುತ್ತದೆ. ಕೆಂಪು, ನೀಲಿ ದಾರವನ್ನು ಮೊದಲೇ ಬಿಳಿ ಚೂರಿನ ಮೇಲಿಟ್ಟು ನೆನೆಸಿ ನೋಡಿ. ಬಣ್ಣ ಬಿಟ್ಟರೆ ಬಿಳಿ ಝಬಲಾ ಹಾಳು.

ಆಟಕ್ಕೆ

ಬಟ್ಟೆ ಉಳಿದರೆ ಗೊಂಬಿ, ಚಂಡು. ಚೂರುಗಳನ್ನು ಜೋಡಿಸಿ ಹೊಲಿದ ಚಂಡು ಆರು ತಿಂಗಳ ಮಗುವಿಗೂ ಹಿಡಿಯಲು ಬರುತ್ತದೆ. ಒಳಗೆ ಅರಳೆ ತುಂಬಬೇಕೋ ರೆಕ್ರಾನೋ (ಪಾಲಿಯೆಸ್ಟರ್ ಎಳೆ) ಎಂದು ಕೇಳುತ್ತಾರೆ. ಅರಳೆ ನಮ್ಮ ನೆಲದ್ದು, ಮುಟ್ಟಲು ಹಿತ, ಆದರೆ ಒಗೆದರೆ ಗಡ್ಡೆ ಕಟ್ಟುತ್ತದೆ, ಒಳಗೆ ಹಸಿ ಉಳಿಯುತ್ತದೆ. ಬಾಯಿಗೆ ಹಾಕುವ ವಯಸ್ಸಿನ ಆಟಿಕೆ ಪದೇ ಪದೇ ಒಗೆಯಲೇಬೇಕಾದ್ದರಿಂದ ಇಲ್ಲಿ ನಾನು ರೆಕ್ರಾನ್ ಪರ. ಅಕ್ಕಿ, ರಾಗಿ, ಥರ್ಮಾಕೋಲ್ ಗುಂಡು ತುಂಬುವುದು ಬೇಡವೇ ಬೇಡ. ಹೊಲಿಗೆ ಬಿಟ್ಟರೆ ನೇರ ಗಂಟಲಿಗೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಗೆ ಬರುವ ಮಣ್ಣಿನ ಎತ್ತುಗಳನ್ನು ಸಣ್ಣವರು ಎತ್ತಿ ಬಾಯಿಗಿಡುವುದು ಎಲ್ಲ ಮನೆಯ ಕಥೆ. ಆ ಹಬ್ಬಕ್ಕೆ ಬಟ್ಟೆಯ ಎತ್ತಿನ ಜೋಡಿ ಹೊಲಿದುಕೊಟ್ಟರೆ ಮಕ್ಕಳು ವರ್ಷವಿಡೀ ಬಿಡುವುದಿಲ್ಲ. ಬಿಳಿ ಖಾದಿಯ ಮೈ, ಬೆನ್ನಿಗೆ ಖಣದ ಜೂಲು, ಕೋಡಿಗೆ ಕೆಂಪು ಚೂರು. ಕಣ್ಣು ಮಾತ್ರ ದಾರದಲ್ಲೇ ಮೂಡಿಸಬೇಕು, ಗುಂಡಿ ಹಚ್ಚಬಾರದು. ಕೋಡು, ಬಾಲವನ್ನು ಮೈಯ ಹೊಲಿಗೆಯೊಳಗೆ ಅರ್ಧ ಇಂಚು ಹುದುಗಿಸಿ ಎರಡು ಸಲ ಹೊಲಿಯಿರಿ, ಮಗು ಎತ್ತನ್ನು ಹಿಡಿದೆಳೆಯುವುದು ಅಲ್ಲಿಂದಲೇ.

ಕೈಯಲ್ಲೋ, ಮಷೀನಿನಲ್ಲೋ, ದರ್ಜಿಯ ಹತ್ತಿರವೋ

ಮಷೀನು ಇಲ್ಲದವರು ಹಿಂಜರಿಯಬೇಕಿಲ್ಲ. ಝಬಲಾ, ಕುಲಾವಿ, ಕೌದಿ, ಚಂಡು ಕೈಯಲ್ಲೇ ಆಗುತ್ತವೆ. ಹೊಲಿಗೆ ತಾಳಬೇಕಾದ ಕಡೆ ಪ್ರತಿ ಹೊಲಿಗೆಗೂ ಅರ್ಧ ಹಿಂದಕ್ಕೆ ಬಂದು ಮುಂದಕ್ಕೆ ಹೋದರೆ ಮಷೀನಿನಷ್ಟೇ ಗಟ್ಟಿ. ಚಡ್ಡಿ ಮತ್ತು ಪರಕಾರಕ್ಕೆ ಮಾತ್ರ ಮಷೀನು ಬೇಕು, ಅಲ್ಲಿ ಎಳೆತ ಹೆಚ್ಚು. ದರ್ಜಿಗೆ ಕೊಡುವುದಾದರೆ "ಕೂಸಿನ ಅರಿವಿ, ಒಳಗ ಅಂಚು ಮಡಚಿ ಹೊಲೀರಿ, ಇಂಟರ್‌ಲಾಕ್ ಬ್ಯಾಡ್ರಿ, ಎಳಿ ಎಲ್ಲಾ ಕತ್ತರಿಸಿ ಕೊಡ್ರಿ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ದೊಡ್ಡವರ ಅಂಗಿಯ ಹಾಗೇ ಹೊಲಿಯುತ್ತಾರೆ.

ಕೈಯಲ್ಲಿ ಒಂದೇ ಸಂಜೆ ಇದ್ದರೆ ಎರಡು ಕುಲಾವಿ ಮತ್ತು ಒಂದು ಝಬಲಾ. ಒಂದು ವಾರವಿದ್ದರೆ ನಾಲ್ಕು ಝಬಲಾ, ಒಂದಕ್ಕೆ ಗವಂತಿಯ ಗುಬ್ಬಿ. ಬಸುರಿಯ ಕುಬಸದ ಕಾರ್ಯದ (ಸೀಮಂತದ) ಹೊತ್ತಿಗೇ ಶುರು ಮಾಡಿದರೆ ಹೆರಿಗೆಯೊಳಗೆ ಮೂರು ಪದರಿನ ಕೌದಿ ಮುಗಿಯುತ್ತದೆ. ಅಳತೆ ಗೊತ್ತಿಲ್ಲದಿದ್ದರೆ ಈಗಿನ ವಯಸ್ಸಿಗಲ್ಲ, ಆರು ತಿಂಗಳು ಮುಂದಿನದಕ್ಕೆ ಹೊಲಿಯಿರಿ, ಆ ಹೊತ್ತಿಗೆ ಯಾವ ಋತು ಬರುತ್ತದೆಂದು ಎಣಿಸಿ ಅರಿವಿ ಆರಿಸಿ. ಶ್ರಾವಣದಲ್ಲಿ ಹುಟ್ಟಿದ ಕೂಸಿಗೆ ಆರು ತಿಂಗಳ ಅಳತೆಯ ಫ್ಲಾನೆಲ್ ಅಂಗಿ ಕೊಟ್ಟರೆ ಅದು ಮೈಗೆ ಹೊಂದುವಷ್ಟರಲ್ಲಿ ಶಿವರಾತ್ರಿ ಬಂದು ಚಳಿ ಮುಗಿದಿರುತ್ತದೆ. ಹೊಲಿದಾದ ಮೇಲೆ ವಾಸನೆಯಿಲ್ಲದ ಸಾಬೂನಿನಲ್ಲಿ ಒಮ್ಮೆ ಒಗೆದು, ಬಿಸಿಲಲ್ಲಿ ಒಣಗಿಸಿ, ಒಳಮುಖ ಹೊರಗೆ ಮಾಡಿ ಒಂದೊಂದು ಹೊಲಿಗೆಯನ್ನೂ ಬೆರಳಿನಿಂದ ಸವರಿ ನೋಡಿ, ಸೂಜಿ-ಟಾಚಣಿ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಮಡಚಿ. ಮೇಲೊಂದು ಚೀಟಿಯಲ್ಲಿ ಎಷ್ಟು ತಿಂಗಳಿನ ಅಳತೆ, ಯಾವ ಮಡಿಕೆ ಯಾವಾಗ ಬಿಚ್ಚಬೇಕು ಎಂದು ಬರೆದಿಡಿ. ಬಾಣಂತಿಗೆ ಇದನ್ನೆಲ್ಲ ನೆನಪಿಟ್ಟುಕೊಳ್ಳುವ ಪುರಸೊತ್ತು ಇರುವುದಿಲ್ಲ.